ವೇಷ ಕಟ್ಟಿದ ವೈರಿ

ಅಂಕೋಲೆಯ ಕಡೆ ಯಕ್ಷಗಾನದ ಹಳೆಯ ಪ್ರೇಕ್ಷಕರು, ಮುಖವರ್ಣಿಕೆ ಎಷ್ಟೇ ದಟ್ಟವಾಗಿರಲಿ, ವೇಷದ ಹಿಂದಿರುವವರು ಯಾರೆಂಬುದನ್ನು ಹೆಜ್ಜೆಯಿಂದಲೂ ದನಿಯಿಂದಲೂ ಗುರುತಿಸಿಬಿಡುತ್ತಾರೆ. ಗಣಕಯಂತ್ರಗಳ ಮೂಲಕ ರಾಷ್ಟ್ರಗಳು ನಡೆಸುವ ಇಂದಿನ ಗುಪ್ತ ದಾಳಿಗಳಲ್ಲಿ ವೈರಿಯೂ ವೇಷ ಕಟ್ಟಿಯೇ ಬರುತ್ತಾನೆ. ಆದರೆ ಆ ವೇಷವನ್ನು ಕಳಚಲು ವರ್ಷಗಳೇ ಬೇಕಾಗಬಹುದು.

ದಕ್ಷಿಣ ಕೊರಿಯದ ಪಿಯಾಂಗ್‌ಚಾಂಗ್‌ನಲ್ಲಿ 2018ರ ಫೆಬ್ರವರಿ 9ರಂದು ಚಳಿಗಾಲದ ಒಲಿಂಪಿಕ್ ಕ್ರೀಡೆಗಳು ಉದ್ಘಾಟನೆಗೊಂಡವು. ಸಮಾರಂಭ ಆರಂಭವಾಗುವ ಹೊತ್ತಿಗೆ ಸರಿಯಾಗಿ ಕ್ರೀಡಾಕೂಟದ ಗಣಕಜಾಲ ಕುಸಿಯಿತು. ಪತ್ರಕರ್ತರ ಕೇಂದ್ರದಲ್ಲಿ ದೂರದರ್ಶನದ ತೆರೆಗಳು ಕಪ್ಪಾದವು, ಅಂತರಜಾಲ ಕಡಿಯಿತು, ಅಧಿಕೃತ ಜಾಲತಾಣ ನಿಂತುದರಿಂದ ಪ್ರೇಕ್ಷಕರು ಟಿಕೆಟುಗಳನ್ನು ಮುದ್ರಿಸಿಕೊಳ್ಳಲಾರದಾದರು. ತಂತ್ರಜ್ಞರು ರಾತ್ರಿಯೆಲ್ಲ ದುಡಿದು ಬೆಳಗಾಗುವಷ್ಟರಲ್ಲಿ ಎಲ್ಲವನ್ನೂ ಸರಿಪಡಿಸಿದರು. ಇಂಥ ಶ್ರಮಕ್ಕೆ ಪದಕವಿಲ್ಲ.

ದಾಳಿಯ ತಂತ್ರಾಂಶವನ್ನು ಪರೀಕ್ಷಿಸಿದವರಿಗೆ ಅದರಲ್ಲಿ ಉತ್ತರ ಕೊರಿಯದ ಗುರುತುಗಳು ಕಂಡವು. ನೆರೆಯ ಹಗೆಯದೇ ಈ ಕೃತ್ಯವೆಂದು ಯಾರಿಗಾದರೂ ತೋರುವಂತಿತ್ತು. ಆದರೆ ಆ ಗುರುತು ತಂತ್ರಾಂಶದ ಒಳರಚನೆಗೆ ಹೊಂದುತ್ತಿರಲಿಲ್ಲ; ಯಾರೋ ಬೇಕೆಂದೇ ಅದನ್ನು ಅಂಟಿಸಿದ್ದರು. ಅದೇ ಸಂಜೆ ಎರಡೂ ಕೊರಿಯಗಳ ಕ್ರೀಡಾಪಟುಗಳು ಒಂದೇ ಧ್ವಜದಡಿ ಹೆಜ್ಜೆ ಹಾಕಿದ್ದರು. ಆ ಸುಳ್ಳನ್ನು ಲೋಕ ನಂಬಿದ್ದರೆ, ಆಗತಾನೆ ಚಿಗುರಿದ್ದ ಸ್ನೇಹದ ಗತಿ ಏನಾಗುತ್ತಿತ್ತು?

2020ರ ಅಕ್ಟೋಬರ್‌ನಲ್ಲಿ ಅಮೆರಿಕದ ನ್ಯಾಯ ಇಲಾಖೆಯು ರಷ್ಯದ ಸೇನಾ ಗೂಢಚರ್ಯೆ ಸಂಸ್ಥೆಯ ಆರು ಅಧಿಕಾರಿಗಳ ಮೇಲೆ ಇದೂ ಸೇರಿದಂತೆ ಹಲವು ದಾಳಿಗಳ ಆರೋಪ ಹೊರಿಸಿತು. ರಷ್ಯ ಅದನ್ನು ಅಲ್ಲಗಳೆಯಿತು. ಉದ್ದೀಪನ ಮದ್ದಿನ ಹಗರಣದ ಕಾರಣ ಪಿಯಾಂಗ್‌ಚಾಂಗ್‌ನಲ್ಲಿ ರಷ್ಯದ ಧ್ವಜಕ್ಕೆ ಸ್ಥಾನವಿರಲಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಆರೋಪಪಟ್ಟಿಯ ಪ್ರಕಾರ, ಕ್ರೀಡಾಪಟುಗಳಿಗೂ ಅಧಿಕಾರಿಗಳಿಗೂ ಸಂದರ್ಶಕರಿಗೂ ನಂಬಿಕೆ ಹುಟ್ಟಿಸುವಂಥ ಮೋಸದ ಮಿಂಚಂಚೆಗಳನ್ನು ತಿಂಗಳುಗಳ ಮೊದಲೇ ಕಳುಹಿಸಲಾಗಿತ್ತು. ಅಂಥದೊಂದನ್ನು ತೆರೆದವನು ತನಗರಿವಿಲ್ಲದೆಯೇ ಬಾಗಿಲು ತೆಗೆದಂತೆ.

ನಮ್ಮ ಕರಾವಳಿಗೂ ಈ ವೇಷದ ಪರಿಚಯವಾಗಿದೆ. ಕಾರವಾರದ ಕದಂಬ ನೌಕಾನೆಲೆಯ ಮಾಹಿತಿಯನ್ನು ಪಾಕಿಸ್ತಾನದ ಗೂಢಚಾರರಿಗೆ ಕೊಟ್ಟ ಆರೋಪದ ಮೇಲೆ 2025ರ ಫೆಬ್ರವರಿಯಲ್ಲಿ ರಾಷ್ಟ್ರೀಯ ತನಿಖಾ ದಳವು ಕಾರವಾರ, ಅಂಕೋಲೆಗಳ ಕಡೆಯ ಇಬ್ಬರನ್ನು ಬಂಧಿಸಿತು. ಇಲ್ಲಿ ಗಣಕಜಾಲವನ್ನು ಯಾರೂ ಕೆಡವಲಿಲ್ಲ. ಮಹಿಳಾ ನೌಕಾಧಿಕಾರಿಯ ಸೋಗಿನಲ್ಲಿ ಸಾಮಾಜಿಕ ಜಾಲತಾಣದಲ್ಲಿ ಒಬ್ಬರು ಗೆಳೆತನ ಬೆಳೆಸಿದ್ದರು, ಅಷ್ಟೆ.