ಸೀಮೆಸುಣ್ಣಕ್ಕೆ ಪಕ್ಷದ ಬಣ್ಣ ಬೇಡ

ಅಧ್ಯಾಪಕರಿಗೆ ರಾಜಕೀಯವೇ ಸಲ್ಲದು ಎನ್ನುವವರು ನಮ್ಮ ನಾಡಿನ ಚರಿತ್ರೆಯನ್ನು ಮರೆತವರು. 1941ರ ಕಯ್ಯೂರು ರೈತ ಹೋರಾಟವನ್ನು ಚಿತ್ರಿಸಿದ ನಿರಂಜನರ 'ಚಿರಸ್ಮರಣೆ' ಕಾದಂಬರಿಯಲ್ಲಿ ಹಳ್ಳಿಯ ಹುಡುಗರ ಕಣ್ಣು ತೆರೆಸುವವರು ಶಾಲಾ ಮಾಸ್ತರರೇ. ಪೆರಡಾಲದ ನವಜೀವನ ಹೈಸ್ಕೂಲಿನಲ್ಲಿ ಅಧ್ಯಾಪಕರಾಗಿದ್ದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಬದಿಯಡ್ಕ ಪಂಚಾಯತಿನ ಅಧ್ಯಕ್ಷರೂ ಆಗಿದ್ದರು. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದು ಮುಂದೆ ನಿಂತು ಹೋರಾಡಿದವರು. ಅವರಿಗೇ 1969ರಲ್ಲಿ ಉತ್ತಮ ಅಧ್ಯಾಪಕರೆಂದು ರಾಷ್ಟ್ರಪ್ರಶಸ್ತಿಯೂ ಬಂತು.

ಕೇರಳದಲ್ಲಿ ಅಧ್ಯಾಪಕ ಸಂಘಟನೆಗಳು ಬಲವಾಗಿ ಬೇರೂರಿವೆ. ಎಡಪಕ್ಷದ ಒಲವಿನದು ಒಂದು, ಕಾಂಗ್ರೆಸಿನ ಒಲವಿನದು ಇನ್ನೊಂದು, ಹೀಗೆ ಹಲವು. 1973ರಲ್ಲಿ ನೌಕರರೂ ಅಧ್ಯಾಪಕರೂ ಒಟ್ಟಾಗಿ 54 ದಿನ ಮುಷ್ಕರ ಹೂಡಿದ್ದರು. ಅನುದಾನಿತ ಶಾಲೆಗಳ ಅಧ್ಯಾಪಕರು ಬಹುಕಾಲ ಚುನಾವಣೆಗೂ ನಿಲ್ಲುತ್ತಿದ್ದರು. ಅದು ಸಲ್ಲದೆಂದು ಕೇರಳ ಹೈಕೋರ್ಟು 2021ರಲ್ಲಿ ತೀರ್ಪಿತ್ತಿತು. ಆದರೆ ಅಭ್ಯರ್ಥಿಯಾಗುವುದಕ್ಕಿಂತಲೂ ನಾವು ಯೋಚಿಸಬೇಕಾದ ವಿಷಯ ಬೇರೆ ಇದೆ: ತರಗತಿಯಲ್ಲಿ ನಮ್ಮ ಬಾಯಿಂದ ಬರುವ ಮಾತು.

ಸಾರ್ವಜನಿಕ ಸಭೆಯಲ್ಲಿ ಭಾಷಣ ಹಿಡಿಸದಿದ್ದರೆ ಎದ್ದು ಹೋಗಬಹುದು. ಬೆಂಚಿನಲ್ಲಿ ಕುಳಿತ ಮಗುವಿಗೆ ಆ ಸ್ವಾತಂತ್ರ್ಯವಿಲ್ಲ. ಅಂಕ ಕೊಡುವವರು ನಾವು, ಹಾಜರಿ ಹಾಕುವವರು ನಾವು. ನಾವು ಹೇಳಿದ್ದಕ್ಕೆ ಅದು ತಲೆ ಅಲ್ಲಾಡಿಸಿತೆಂದರೆ ಒಪ್ಪಿತೆಂದು ಅರ್ಥವಲ್ಲ.

ಒಂದು ಉದಾಹರಣೆ ನೋಡಿ. 1970ರ ಜನವರಿ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ಕೇರಳದಲ್ಲಿ ಗೇಣಿ ಪದ್ಧತಿ ರದ್ದಾಯಿತು. ಈ ಪಾಠ ಮಾಡುವಾಗ ನಮ್ಮೆದುರು ಒಕ್ಕಲಿನ ಮೊಮ್ಮಗನೂ ಧನಿಗಳ ಮೊಮ್ಮಗಳೂ ಒಂದೇ ಸಾಲಿನಲ್ಲಿ ಕುಳಿತಿರುತ್ತಾರೆ. ಕಾನೂನು ಏಕೆ ಬಂತು, ಯಾರಿಗೆ ಭೂಮಿ ಸಿಕ್ಕಿತು, ಗೇಣಿ ಅಕ್ಕಿಯನ್ನೇ ನಂಬಿದ್ದ ಸಣ್ಣ ಮನೆಗಳ ಗತಿ ಏನಾಯಿತು, ಇಷ್ಟನ್ನೂ ಹೇಳಿದರೆ ಅದು ಪಾಠ. ಒಂದು ಪಕ್ಷವನ್ನು ಹೊಗಳಿ ಒಂದು ಮನೆತನವನ್ನು ಹಂಗಿಸಿದರೆ ಅದು ಚುನಾವಣಾ ಪ್ರಚಾರ. ಹಾಗೆಯೇ, ಆ ಕಾನೂನಿನಿಂದ ಬದುಕು ಕಂಡವರ ಹೆಸರನ್ನೇ ಎತ್ತದೆ ಪುಟ ಮಗುಚುವುದೂ ಪ್ರಚಾರವೇ.

ಕನ್ನಡ ಶಾಲೆಗಳ ಮಟ್ಟಿಗೆ ಅಪಾಯ ಇನ್ನೂ ಹತ್ತಿರದ್ದು. ಶಾಲೆ ತೆರೆದ ಆರನೆಯ ಕೆಲಸದ ದಿನ ಮಕ್ಕಳ ತಲೆ ಎಣಿಸಿ ಡಿವಿಷನ್ ಮತ್ತು ಹುದ್ದೆಗಳನ್ನು ನಿಗದಿ ಮಾಡುವ ವ್ಯವಸ್ಥೆ ನಮ್ಮದು. ನಮ್ಮ ತರಗತಿಗೆ ತುಳು, ಹವ್ಯಕ, ಕೊಂಕಣಿ, ಮರಾಠಿ, ಮಲಯಾಳ ಮಾತಾಡುವ ಮನೆಗಳಿಂದ, ಎಲ್ಲ ಪಕ್ಷದ ಮನೆಗಳಿಂದ ಮಕ್ಕಳು ಬರುತ್ತಾರೆ. 'ಆ ಮಾಸ್ತರರು ಇಂಥ ಪಕ್ಷದವರು, ನಮ್ಮ ಮಗು ಅಲ್ಲಿ ಬೇಡ' ಎಂದು ನಾಲ್ಕು ಮನೆಯವರು ನಿರ್ಧರಿಸಿದರೆ ಸಾಕು, ಒಂದು ಕನ್ನಡ ಡಿವಿಷನ್ನೇ ಹೋದೀತು. ಹೋದ ಡಿವಿಷನ್ ಮತ್ತೆ ಬರುವುದು ಸುಲಭವಲ್ಲ.

1999ರ ಡಿಸೆಂಬರ್ 1ರಂದು ನೆರೆಯ ಕಣ್ಣೂರು ಜಿಲ್ಲೆಯ ಮೊಕೇರಿಯಲ್ಲಿ, ಯುವಮೋರ್ಚಾ ನಾಯಕರೂ ಆಗಿದ್ದ ಅಧ್ಯಾಪಕ ಕೆ.ಟಿ. ಜಯಕೃಷ್ಣನ್ ಅವರನ್ನು ತರಗತಿಯೊಳಗೇ, ಮಕ್ಕಳ ಕಣ್ಣೆದುರೇ ಕಡಿದು ಕೊಂದರು. ಹೊರಗಿನ ಹಗೆ ತರಗತಿಯ ಹೊಸಿಲು ದಾಟಿದರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಘೋರ ಸಾಕ್ಷಿ ಬೇಡ. ಈ ಹೊಸಿಲು ದಾಟಬೇಡಿ ಎಂದು ಎಲ್ಲ ಪಕ್ಷದವರಿಗೂ ಗಟ್ಟಿಯಾಗಿ ಹೇಳುವ ಹಕ್ಕು ನಮಗೆ ಬೇಕು. ಆ ಹಕ್ಕು ಉಳಿಯಬೇಕಾದರೆ ಒಳಗಿನಿಂದ ಹೊಸಿಲನ್ನು ಕಾಯುವವರು ನಾವೇ ಆಗಬೇಕು.

ಹಾಗೆಂದು ನಾವು ಅಭಿಪ್ರಾಯವಿಲ್ಲದ ಕಲ್ಲುಗಳಾಗಬೇಕಿಲ್ಲ. ಸಂಘಟನೆಯ ಸಭೆಗೆ ಹೋಗೋಣ, ಸಂಜೆ ಮೆರವಣಿಗೆಯಲ್ಲಿ ನಡೆಯೋಣ, ಕನ್ನಡ ಬಾರದವರನ್ನು ಕನ್ನಡ ತರಗತಿಗೆ ನೇಮಿಸಿದಾಗ ಬೀದಿಗೂ ಇಳಿಯೋಣ. ತರಗತಿಯಲ್ಲಿ ಮಾತ್ರ ಎರಡೂ ಕಡೆಯ ವಾದವನ್ನು ಮುಂದಿಟ್ಟು, ಮಕ್ಕಳನ್ನೇ ಪ್ರಶ್ನೆ ಕೇಳಲು ಬಿಡೋಣ. ನಮಗೆ ಎದುರಾಡಿದ ಮಗುವಿನ ಉತ್ತರ ಸರಿಯಿದ್ದರೆ ಪೂರ್ತಿ ಅಂಕ ಕೊಡೋಣ.