ನಶೆಯೂ ಕಾಯಿಲೆ, ಮನಸ್ಸಿನದೂ ಕಾಯಿಲೆ

ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಬಂದರೆ ನೆಂಟರಿಗೆಲ್ಲ ಹೇಳುತ್ತೇವೆ, ಒಳ್ಳೆಯ ಡಾಕ್ಟರ್ ಯಾರೆಂದು ವಿಚಾರಿಸುತ್ತೇವೆ. ಅದೇ ಮನೆಯಲ್ಲಿ ಒಬ್ಬರಿಗೆ ಕುಡಿತದ ಚಟ ಹತ್ತಿದರೆ ಅಥವಾ ಮನಸ್ಸಿನ ಕಾಯಿಲೆ ಬಂದರೆ ಬಾಯಿ ಮುಚ್ಚಿಕೊಳ್ಳುತ್ತೇವೆ. 'ಲೋಗಾಂ ಕ್ಯಾ ಬೋಲ್ತೇ' ಎಂಬ ಭಯ. ಮಕ್ಕಳಿಗೆ ಒಳ್ಳೆಯ ಸಂಬಂಧ ಬರುವುದಿಲ್ಲ ಎಂಬ ಭಯ. ಎರಡೂ ಒಬ್ಬರಿಗೇ ಬಂದರೆ ಅವಮಾನವೂ ಎರಡರಷ್ಟು. ಆದರೆ ಇವೆರಡೂ ಜೊತೆಯಾಗಿ ಬರುವುದು ಅಪರೂಪವೇನಲ್ಲ.

ಏಕೆ ಜೊತೆಯಾಗಿ ಬರುತ್ತವೆ? ಖಿನ್ನತೆ ಅಥವಾ ಆತಂಕ ಇರುವವರು ನಿದ್ದೆ ಬರಲಿ, ಮನಸ್ಸು ಹಗುರವಾಗಲಿ ಎಂದು ಕುಡಿಯಲು ಶುರು ಮಾಡಬಹುದು. ಸ್ವಲ್ಪ ಹೊತ್ತು ಸಮಾಧಾನ ಸಿಗುತ್ತದೆ. ಆದರೆ ಮದ್ಯ ನಿದ್ದೆಯನ್ನು ಕೆಡಿಸುತ್ತದೆ, ಖಿನ್ನತೆಯನ್ನು ಹೆಚ್ಚಿಸುತ್ತದೆ. ಕೆಲವರಲ್ಲಿ ಇದು ಹಿಂದುಮುಂದಾಗುತ್ತದೆ. ಹದಿಹರೆಯದಲ್ಲೇ ಗಾಂಜಾ ಸೇದುವವರಲ್ಲಿ, ಇಲ್ಲದ ಧ್ವನಿ ಕೇಳಿಸುವ, ಎಲ್ಲರ ಮೇಲೂ ಸಂಶಯ ಬರುವ ಮನೋರೋಗದ ಅಪಾಯ ಹೆಚ್ಚು. ವಂಶದ ಗುಣ, ಬಾಲ್ಯದಲ್ಲಿ ಬಿದ್ದ ಪೆಟ್ಟು ಇವು ಎರಡಕ್ಕೂ ಕಾರಣವಾಗಬಹುದು.

'ಮನಸ್ಸು ಮಾಡಿದರೆ ಬಿಡಬಹುದು' ಎನ್ನುವವರಿದ್ದಾರೆ. ಮೊದಲ ಸಲ ಮುಟ್ಟುವುದು ಅವರವರ ಆಯ್ಕೆ ಇರಬಹುದು. ಆದರೆ ದಿನ ಕಳೆದಂತೆ ನಶೆಯ ವಸ್ತು ಮೆದುಳು ಕೆಲಸ ಮಾಡುವ ರೀತಿಯನ್ನೇ ಬದಲಾಯಿಸುತ್ತದೆ. ಆಗ ಬರೀ ಹಟ ಸಾಲದು, ಚಿಕಿತ್ಸೆ ಬೇಕು. ಹಲವು ವರ್ಷ ದಿನವೂ ಹೆಚ್ಚು ಕುಡಿದವರನ್ನು ಮರ್ಯಾದೆಗೆ ಅಂಜಿ ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸುವುದು ಅಪಾಯ. ಕೈ ನಡುಕ, ಫಿಟ್ಸ್, ಭ್ರಮೆ ಬಂದು ಜೀವವೇ ಹೋಗಬಹುದು. ಡಾಕ್ಟರ ನಿಗಾದಲ್ಲೇ ಬಿಡಿಸಬೇಕು.

ಎರಡಕ್ಕೂ ಒಟ್ಟಿಗೇ ಚಿಕಿತ್ಸೆ ಆಗಬೇಕು. ಕುಡಿತ ಬಿಡಿಸಿ ಖಿನ್ನತೆಯನ್ನು ಹಾಗೇ ಬಿಟ್ಟರೆ ಮತ್ತೆ ಬಾಟಲಿಗೆ ಮರಳುವ ಸಾಧ್ಯತೆ ಹೆಚ್ಚು. ಕಾಮರ್ಸ್ ಓದುವವರಿಗೆ ಇದು ಬೇಗ ಅರ್ಥವಾಗುತ್ತದೆ: ಡೆಬಿಟ್ ಮಾತ್ರ ಬರೆದು ಕ್ರೆಡಿಟ್ ಬಿಟ್ಟರೆ ಲೆಕ್ಕ ಟ್ಯಾಲಿ ಆಗದು.

ನಶೆ ಹರಾಮ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಕೆಲಸವನ್ನು ಹರಾಮ್ ಎನ್ನುವುದು ಬೇರೆ, ಕಾಯಿಲೆ ಬಿದ್ದವರನ್ನು ದೂರ ತಳ್ಳುವುದು ಬೇರೆ. ಕಾಯಿಲೆಗೆ ಚಿಕಿತ್ಸೆ ಪಡೆಯಬೇಕೆಂದು ಪ್ರವಾದಿ ಮುಹಮ್ಮದ್(ಸ) ಕಲಿಸಿದ್ದಾರೆ. ಸಾವಿರ ವರ್ಷಗಳಿಗೂ ಹಿಂದೆ ಅಬೂ ಝೈದ್ ಅಲ್-ಬಲ್ಖಿ ಎಂಬ ವಿದ್ವಾಂಸರು ದೇಹದಂತೆ ಮನಸ್ಸಿಗೂ ಕಾಯಿಲೆ ಬರುತ್ತದೆ, ಅದಕ್ಕೂ ಚಿಕಿತ್ಸೆ ಇದೆ ಎಂದು ಗ್ರಂಥವನ್ನೇ ಬರೆದರು. ದುವಾ ಇರಲಿ, ಜೊತೆಗೆ ದವಾ ಕೂಡ ಇರಲಿ. ತಾಯಿತ ಕಟ್ಟಿಸಿ ಮಾತ್ರೆ ನಿಲ್ಲಿಸುವುದು ಬೇಡ.

ಕಾನೂನು ಕೂಡ ಇದನ್ನು ಕಾಯಿಲೆ ಎಂದೇ ಒಪ್ಪಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಮದ್ಯ ಮತ್ತು ಮಾದಕ ವಸ್ತುಗಳಿಂದ ಉಂಟಾಗುವ ಮಾನಸಿಕ ಸ್ಥಿತಿಗಳೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯಲ್ಲಿ ಸೇರಿವೆ. ರೋಗಿಯ ವಿವರವನ್ನು ಗುಟ್ಟಾಗಿಡಬೇಕು ಎಂದೂ, ದೈಹಿಕ ಕಾಯಿಲೆಗೆ ಇರುವಂತೆಯೇ ಮಾನಸಿಕ ಕಾಯಿಲೆಗೂ ವಿಮಾ ಕಂಪನಿಗಳು ವಿಮೆ ಒದಗಿಸಬೇಕು ಎಂದೂ ಅದು ಹೇಳುತ್ತದೆ.

ಸಹಾಯ ಎಲ್ಲಿದೆ? ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ವ್ಯಸನಮುಕ್ತಿಗೆ 14446 ಇದೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ.

ಸ್ನೇಹಿತರೇ, ನಾವು ಮಾಡಬಹುದಾದದ್ದು ಚಿಕ್ಕದೇ. 'ಶರಾಬಿ', 'ಪಾಗಲ್', 'ಕುಡುಕ' ಎಂಬ ಮಾತುಗಳನ್ನು ಬಿಡೋಣ. ಯಾರಾದರೂ ನಂಬಿ ಹೇಳಿಕೊಂಡರೆ ಅದನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕದಿರೋಣ. ಇನ್ನೊಬ್ಬರ ಐಬು ಮುಚ್ಚುವುದು ನಮ್ಮ ಧರ್ಮದಲ್ಲಿ ಪುಣ್ಯದ ಕೆಲಸ. ಆದರೆ ಊರಿನಿಂದ ಮುಚ್ಚಿಡಬೇಕಾದ್ದನ್ನು ಡಾಕ್ಟರಿಂದಲೂ ಮುಚ್ಚಿಟ್ಟರೆ ಅದು ಮರ್ಯಾದೆ ಉಳಿಸಿದಂತಲ್ಲ. ಯಾರಾದರೂ ಸಾಯುವ ಮಾತಾಡಿದರೆ ಗುಟ್ಟು ಎಂದು ಸುಮ್ಮನಿರಬೇಡಿ. ಕೂಡಲೇ ಮನೆಯ ಹಿರಿಯರಿಗೋ ಉಪನ್ಯಾಸಕರಿಗೋ ತಿಳಿಸಿ. ಆಸ್ಪತ್ರೆಗೆ ಒಬ್ಬರೇ ಹೋಗಲು ಅಂಜುವವರ ಜೊತೆ ನಾವೂ ಹೋಗೋಣ.