ಮಡಿಕೇರಿಯ ತೋಟಕ್ಕೆ ಎಟಿವಿ: ಯಾವ ಗಾಡಿ?

ಪ್ರಶ್ನೆ: ಮೈಸೂರಿನಿಂದ ಮಡಿಕೇರಿಯ ತೋಟಕ್ಕೆ ಎಟಿವಿ ಸಾಗಿಸಬೇಕು. ಟಾಟಾ ಏಸ್ ಸಾಕೇ, ಬೊಲೆರೊ ಪಿಕಪ್ ಬೇಕೇ?

ಉತ್ತರ: ತೂಕಕ್ಕಿಂತ ಮೊದಲು ಉದ್ದ ಅಳೆಯಬೇಕು. ಉದಾಹರಣೆಗೆ, ಪೊಲಾರಿಸ್ ಸ್ಪೋರ್ಟ್ಸ್‌ಮನ್ 570 ಎಂಬ ಎಟಿವಿ ಸುಮಾರು 320 ಕಿಲೋ ತೂಗುತ್ತದೆ. ಏಸ್‌ಗೆ ಅದೊಂದು ಹೊರೆಯೇ ಅಲ್ಲ. ಆದರೆ ಅದರ ಉದ್ದ ಸುಮಾರು 7 ಅಡಿ, ಏಸ್‌ನ ತೊಟ್ಟಿಯೂ ಹೆಚ್ಚುಕಡಿಮೆ ಅಷ್ಟೇ. ಬೆಲ್ಟ್ ಬಿಗಿಯಲು ಕೈಯಾಡಿಸುವಷ್ಟೂ ಜಾಗ ಉಳಿಯದು. ಹಾಗಾಗಿ ಪಿಕಪ್ಪೇ ವಾಸಿ.

ಅಪಾಯ ಹೆಚ್ಚಿರುವುದು ಹತ್ತಿಸುವಾಗ. ತೊಟ್ಟಿ ನೆಲದಿಂದ 80 ಸೆಂ.ಮೀ. ಎತ್ತರವಿದ್ದರೆ, 1.5 ಮೀಟರ್ ಹಲಗೆಯ ಏರು 32 ಡಿಗ್ರಿ ಆಗುತ್ತದೆ, ಎಟಿವಿ ಹಿಂದಕ್ಕೆ ಮಗುಚಬಹುದು. 2.4 ಮೀಟರ್ ಹಲಗೆಗೆ ಅದು 20 ಡಿಗ್ರಿಯೊಳಗೆ ಇಳಿಯುತ್ತದೆ. ಚಕ್ರ ಮುಂದಕ್ಕೆ ಉರುಳುವಾಗ ಹಲಗೆಯನ್ನು ಹಿಂದಕ್ಕೆ ಒದೆಯುತ್ತದೆ. ಹಲಗೆಯನ್ನು ಪಿಕಪ್‌ಗೆ ಸರಪಳಿಯಿಂದ ಕಟ್ಟದೆ ಯಾರೂ ಎಟಿವಿ ಹತ್ತಿಸಬಾರದು.

ಹತ್ತಿಸಿದ ಮೇಲೆ ಎಟಿವಿ ಕಟ್ಟಲು ನೈಲಾನ್ ಹಗ್ಗ ಬೇಡ, ಅದು ಹಿಗ್ಗುತ್ತದೆ. ನಾಲ್ಕು ಮೂಲೆಗೂ ರ್ಯಾಚೆಟ್ ಬೆಲ್ಟ್ ಹಾಕಿ, ಸಸ್ಪೆನ್ಷನ್ ತುಸು ಕುಗ್ಗುವವರೆಗೆ ಬಿಗಿಯಬೇಕು. ಹ್ಯಾಂಡ್‌ಬ್ರೇಕ್ ಒಂದನ್ನೇ ನಂಬುವುದು ಸಲ್ಲದು.

ಹುಣಸೂರಿನಲ್ಲಿ ಟೀಗೆ ನಿಂತಾಗ ಬೆಲ್ಟ್‌ಗಳನ್ನು ಕೈಯಿಂದ ಜಗ್ಗಿ ನೋಡಬೇಕು. ಕುಶಾಲನಗರ ದಾಟಿದ ಮೇಲೆ ಏರು, ತಿರುವುಗಳು ಶುರುವಾಗುವ ಮುನ್ನ ಇನ್ನೊಮ್ಮೆ.